ಶೀಟಿನ ಮೇಲೆ ಮಳೆ, ಆ ಕಡೆಗೆ ಅರ್ಧ ಮಾತು: ಹೆಡ್‌ಸೆಟ್ ಒಳಗೆ ಏನಾಗುತ್ತಿದೆ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ತೋಟದ ಮನೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕಸ್ಟಮರ್ ಸಪೋರ್ಟ್ ಕೆಲಸ ಮಾಡುತ್ತೇನೆ. ನಾನು ಕೂರುವ ಕೋಣೆಗೆ ಶೀಟಿನ ಮಾಡು. ಮಳೆ ಹಿಡಿದರೆ ಆ ಕಡೆಯವರಿಗೆ ನನ್ನ ಮಾತು ತುಂಡು ತುಂಡಾಗಿ ಕೇಳುತ್ತದಂತೆ. ಪದದ ಮೊದಲಕ್ಷರ ಹೋಗುತ್ತದೆ, ವಾಕ್ಯದ ಕೊನೆ ನುಂಗಿಹೋಗುತ್ತದೆ. ಕೆಲವೊಮ್ಮೆ ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ ಅನ್ನುತ್ತಾರೆ. ನಾಯ್ಸ್ ಕ್ಯಾನ್ಸಲಿಂಗ್ ಇರುವ ದುಬಾರಿ ಇಯರ್‌ಬಡ್ ತಗೊಂಡೆ. ನನಗೆ ಸದ್ದು ಕಡಿಮೆಯಾಯಿತು, ಅವರಿಗೆ ಆಗಲಿಲ್ಲ. ನಾಲ್ಕು ಮೈಕ್, ಇಎನ್‌ಸಿ, ಮೂಳೆ ಕಂಪನ ಸೆನ್ಸರ್ ಎಂದೆಲ್ಲ ಪೆಟ್ಟಿಗೆ ಮೇಲೆ ಬರೆದಿರುತ್ತಾರೆ. ಯಾವುದಕ್ಕೆ ದುಡ್ಡು ಕೊಡಬೇಕು? ಇನ್ನೊಂದು ವಿಷಯ: ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿ ಮಾತು ಪತ್ತೆ ಮಾಡುವ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಕಾಲೇಜಿನಲ್ಲಿ ಸರಿಯಾಗಿ ನಡೆಯುವುದು ಮನೆಗೆ ತಂದರೆ ಮಳೆಯನ್ನೂ ಕಪ್ಪೆಯನ್ನೂ ಮಾತು ಅನ್ನುತ್ತದೆ. ಅವಳಿಗೂ ಒಂದು ದಾರಿ ಹೇಳಿ.

ಉತ್ತರ: ನಿಮ್ಮ ಇಯರ್‌ಬಡ್ ಕೆಟ್ಟಿಲ್ಲ. ನೀವು ದುಡ್ಡು ಕೊಟ್ಟದ್ದು ನಿಮ್ಮ ಕಿವಿಗೆ ಬರುವ ಸದ್ದನ್ನು ತಗ್ಗಿಸುವ ವಿದ್ಯೆಗೆ. ಆ ಕಡೆಗೆ ಹೋಗುವ ಸದ್ದನ್ನು ಸೋಸುವ ವಿದ್ಯೆ ಬೇರೆ, ಅದರ ಲೆಕ್ಕವೂ ಬೇರೆ. ಎರಡಕ್ಕೂ ಪೆಟ್ಟಿಗೆಯ ಮೇಲೆ ‘ನಾಯ್ಸ್ ಕ್ಯಾನ್ಸಲೇಶನ್’ ಎಂದೇ ಬರೆಯುವುದರಿಂದ ಈ ಗೊಂದಲ. ಎಎನ್‌ಸಿ ಎಂದಿದ್ದರೆ ಅದು ಕೇಳುವವರ ಕಿವಿಗೆ, ಇಎನ್‌ಸಿ ಎಂದಿದ್ದರೆ ಮಾತಾಡುವವರ ಮೈಕ್‌ಗೆ. ಆದರೆ ಶೀಟಿನ ಮನೆಯಲ್ಲಿ ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಬಾಯಿಗೂ ಮೈಕ್‌ಗೂ ಇರುವ ಅಂತರ. ಅದರ ಲೆಕ್ಕ ಮುಂದೆ ಕೊಡುತ್ತೇನೆ. ಮೊದಲು ಎಎನ್‌ಸಿ ಮಳೆಯ ಮುಂದೆ ಯಾಕೆ ಸೋಲುತ್ತದೆ ಎಂದು ನೋಡೋಣ.

ಸದ್ದಿನ ಅಲೆಗೆ ಸರಿಯಾಗಿ ತಿರುವುಮುರುವಾದ ಇನ್ನೊಂದು ಅಲೆ ಸೇರಿಸಿ ಎರಡನ್ನೂ ಅಳಿಸುವ ಈ ಯೋಚನೆ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ಇದರ ಮೇಲೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಆಗಿನ ಸರ್ಕ್ಯೂಟ್‌ಗಳಿಗೆ ಅಷ್ಟು ನಿಖರತೆ ಇರಲಿಲ್ಲ. ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕೂತು ಹೆಡ್‌ಫೋನ್‌ಗೆ ಇದರ ಲೆಕ್ಕ ಹಾಕಿದರು, ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ 1989ರಲ್ಲಿ ಮಾರುಕಟ್ಟೆಗೆ ಬಂತು. ಅದು ಮೊದಲು ವಿಮಾನಕ್ಕೆ ಹೊಂದಿದ್ದಕ್ಕೆ ಕಾರಣವಿದೆ. ಇಂಜಿನ್ನಿನ ಗುಂಯ್‌ಗುಡುವ ಸದ್ದು ಕೆಳ ಆವರ್ತನದ್ದು, ಒಂದೇ ಸಮ ಇರುವಂಥದ್ದು. ಸದ್ದನ್ನು 20 ಡೆಸಿಬಲ್ ಇಳಿಸಬೇಕಾದರೆ ತಿರುವು ಅಲೆ ಸುಮಾರು 6 ಡಿಗ್ರಿಗಿಂತ (ಒಂದು ಪೂರ್ತಿ ಅಲೆ ಎಂದರೆ 360 ಡಿಗ್ರಿ) ಹೆಚ್ಚು ಆಚೀಚೆ ಆಗಬಾರದು. 1000 ಹರ್ಟ್ಜ್‌ನಲ್ಲಿ ಅಷ್ಟೆಂದರೆ ಸುಮಾರು 16 ಮೈಕ್ರೊಸೆಕೆಂಡ್. 4000 ಹರ್ಟ್ಜ್‌ಗೆ ಹೋದರೆ ಬರೀ 4 ಮೈಕ್ರೊಸೆಕೆಂಡ್. ಇಯರ್‌ಬಡ್ ಕಿವಿಯಲ್ಲಿ ಕೂದಲೆಳೆಯಷ್ಟು ಅಲುಗಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಎಎನ್‌ಸಿಯ ನಿಜವಾದ ಬಲ ಸುಮಾರು 1000 ಹರ್ಟ್ಜ್‌ನ ಒಳಗೆ. ಜನರೇಟರ್, ಬಸ್ಸಿನ ಇಂಜಿನ್ ಇದಕ್ಕೆ ಸಿಗುತ್ತವೆ. ಶೀಟಿನ ಮೇಲಿನ ಮಳೆ ಕೆಳಗಿನಿಂದ ಹಿಡಿದು 8000 ಹರ್ಟ್ಜ್ ದಾಟಿಯೂ ಹರಡಿರುತ್ತದೆ. ಅದರ ‘ಸೋ’ ಅನ್ನುವ ಮೇಲ್ಭಾಗವನ್ನು ನಿಮ್ಮ ಕಿವಿಗೆ ತಡೆಯುತ್ತಿರುವುದು ಇಯರ್‌ಬಡ್‌ನ ರಬ್ಬರ್ ಬಿರಡೆ ಮಾತ್ರ. ಅಳತೆಗೆ ಸರಿಯಾದ ಬಿರಡೆ ಇಲ್ಲದಿದ್ದರೆ ಎಷ್ಟು ಎಎನ್‌ಸಿ ಇದ್ದೂ ಪ್ರಯೋಜನವಿಲ್ಲ.

ಎಎನ್‌ಸಿಯಿಂದ ನಿಮ್ಮ ತೊಂದರೆ ಹೆಚ್ಚಾಗಿರಲೂಬಹುದು. ಸುತ್ತ ಗದ್ದಲವಿದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಇದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗುರುತಿಸಿದ ಫ್ರಾನ್ಸಿನ ವೈದ್ಯರ ಹೆಸರಿನಲ್ಲಿ ಲೊಂಬಾರ್ ಪರಿಣಾಮ ಎನ್ನುತ್ತಾರೆ. ಎಎನ್‌ಸಿ ಹಾಕಿದರೆ ನಿಮಗೆ ಮಳೆ ಕಡಿಮೆ ಕೇಳುತ್ತದೆ, ನೀವು ಮೆಲ್ಲಗೆ ಮಾತಾಡುತ್ತೀರಿ, ಮೈಕ್‌ಗೆ ಮಾತ್ರ ಮಳೆ ಇದ್ದ ಹಾಗೇ ಇರುತ್ತದೆ. ಜೋರು ಮಳೆಯಲ್ಲಿ ಕರೆ ಇದ್ದಾಗ ಎಎನ್‌ಸಿಯನ್ನು ಒಂದು ಹಂತ ಇಳಿಸಿ, ಮೇಜಿನ ಆಚೆ ಕೂತವರಿಗೆ ಹೇಳುವಷ್ಟು ದನಿಯಲ್ಲಿ ಮಾತಾಡಿ. ಹೆಡ್‌ಸೆಟ್‌ನಲ್ಲಿ ನಿಮ್ಮದೇ ದನಿ ನಿಮಗೆ ಕೇಳಿಸುವ ಸೈಡ್‌ಟೋನ್ ಇದ್ದರೆ ಅದನ್ನೂ ಜೋರಾಗಿ ಇಡಬೇಡಿ. ತನ್ನ ದನಿ ಜೋರಾಗಿ ಕೇಳಿದಷ್ಟೂ ಜನ ಮೆತ್ತಗೆ ಮಾತಾಡುತ್ತಾರೆ.

ಈಗ ಅಂತರದ ಲೆಕ್ಕ. ಸಾಮಾನ್ಯ ಮಾತು 1 ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್. ದೂರ ಅರ್ಧವಾದಾಗಲೆಲ್ಲ 6 ಡೆಸಿಬಲ್ ಏರುತ್ತದೆ. ಇಯರ್‌ಬಡ್‌ನ ಮೈಕ್ ಬಾಯಿಂದ ಸುಮಾರು 15 ಸೆಂಟಿಮೀಟರ್ ದೂರ, ಅಲ್ಲಿ ನಿಮ್ಮ ಮಾತು ಸುಮಾರು 76. ಬಾಯಿಯ ಪಕ್ಕದವರೆಗೆ ಬರುವ ಬೂಮ್ ಮೈಕ್ ಎರಡೂವರೆ ಸೆಂಟಿಮೀಟರ್‌ನಲ್ಲಿ ನಿಂತರೆ ಅಲ್ಲಿ ಸುಮಾರು 92. ಕೋಣೆಯಲ್ಲಿ ಮಳೆ ಸದ್ದು 70 ಡೆಸಿಬಲ್ ಎಂದು ಇಟ್ಟುಕೊಳ್ಳಿ. ಅದು ಮಾಡಿನ ಎಲ್ಲ ಕಡೆಯಿಂದ ಬರುವುದರಿಂದ ಮೈಕ್ ಹದಿಮೂರು ಸೆಂಟಿಮೀಟರ್ ಸರಿದರೂ ಅದು 70 ಆಗಿಯೇ ಇರುತ್ತದೆ. ಹಾಗಾಗಿ ಇಯರ್‌ಬಡ್‌ನಲ್ಲಿ ಮಾತು ಮಳೆಗಿಂತ 6 ಡೆಸಿಬಲ್ ಮೇಲೆ, ಬೂಮ್ ಮೈಕ್‌ನಲ್ಲಿ 22 ಡೆಸಿಬಲ್ ಮೇಲೆ. 6ರಲ್ಲಿ ಯಾವ ಸಾಫ್ಟ್‌ವೇರ್ ಆದರೂ ತಡವರಿಸುತ್ತದೆ, 22ರಲ್ಲಿ ಹಳೆಯ ಸಾಧಾರಣ ಸಾಫ್ಟ್‌ವೇರ್ ಕೂಡ ನೆಮ್ಮದಿಯಾಗಿ ಕೆಲಸ ಮಾಡುತ್ತದೆ.

ಇದರ ಪಕ್ಕದಲ್ಲಿ ‘ನಾಲ್ಕು ಮೈಕ್’ ಇಟ್ಟು ನೋಡಿ. ನಾಲ್ಕು ಎಂದರೆ ಸಾಮಾನ್ಯವಾಗಿ ಕಿವಿಗೆ ಎರಡು. ಎರಡು ಮೈಕ್ ನಡುವೆ 2 ಸೆಂಟಿಮೀಟರ್ ಇದ್ದರೆ ಬಾಯಿಂದ ಬಂದ ಸದ್ದು ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟಲು ಸುಮಾರು 58 ಮೈಕ್ರೊಸೆಕೆಂಡ್ ಬೇಕು. ಆ ವ್ಯತ್ಯಾಸ ಹಿಡಿದು ಬಾಯಿಯ ದಿಕ್ಕನ್ನು ಉಳಿಸಿ ಉಳಿದ ದಿಕ್ಕುಗಳನ್ನು ತಗ್ಗಿಸುವುದೇ ಬೀಮ್‌ಫಾರ್ಮಿಂಗ್. ಪಕ್ಕದಲ್ಲಿ ಒಂದು ಮಿಕ್ಸಿ ತಿರುಗುತ್ತಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಆ ಒಂದು ದಿಕ್ಕಿಗೆ ಕಿವುಡಾದರೆ ಸಾಕು. ಶೀಟಿನ ಮಳೆಗೆ ದಿಕ್ಕೇ ಇಲ್ಲ. ಎಲ್ಲ ಕಡೆಯಿಂದ ಸಮನಾಗಿ ಬರುವ ಸದ್ದಿನ ವಿರುದ್ಧ ಹೀಗೆ ಹತ್ತಿರ ಹತ್ತಿರ ಜೋಡಿಸಿದ ಎರಡು ಮೈಕ್‌ನಿಂದ ಸಿಗುವ ಗರಿಷ್ಠ ಲಾಭ 6 ಡೆಸಿಬಲ್. ಅದು ಕಾಗದದ ಮೇಲಿನ ಲೆಕ್ಕ, ಕೈಗೆ ಸಿಗುವುದು ಇನ್ನೂ ಕಡಿಮೆ. ಮೈಕ್ ಅಂತರವನ್ನು ಅರ್ಧ ಮಾಡಿದರೂ ಸಿಗುವುದು ಅದೇ 6. ಆದ್ದರಿಂದ ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಬೂಮ್ ಮೈಕ್ ಇರುವ, ಯುಎಸ್‌ಬಿ ವೈರಿನ ಸಾಧಾರಣ ಕಾಲ್ ಸೆಂಟರ್ ಹೆಡ್‌ಸೆಟ್‌ಗೆ. ಹೊಳೆಯುವ ಇಯರ್‌ಬಡ್ ನಿಮ್ಮ ಹಾಡು ಕೇಳುವ ಹೊತ್ತಿಗಿರಲಿ.

ಬೂಮ್ ಮೈಕ್ ಇಡುವುದರಲ್ಲೂ ತಪ್ಪುತ್ತಾರೆ. ಬಾಯಿಯ ಎದುರಿಗೆ ಇಟ್ಟರೆ ‘ಪ’, ‘ಫ’, ‘ಭ’ ಅಂದಾಗಲೆಲ್ಲ ಉಸಿರು ನೇರ ಬಡಿದು ಗುದ್ದಿದ ಸದ್ದು ಬರುತ್ತದೆ. ಗಲ್ಲದ ಕೆಳಗೆ ಇಳಿಸಿದರೆ ಅಂತರ ಹೆಚ್ಚುತ್ತದೆ. ತುಟಿಯ ಕೊನೆಯಿಂದ ಎರಡು ಬೆರಳು ಪಕ್ಕಕ್ಕೆ, ಸ್ವಲ್ಪ ಕೆಳಗೆ, ಉಸಿರಿನ ದಾರಿಯಿಂದ ಹೊರಗೆ ಇರಲಿ. ಸ್ಪಂಜಿನ ಟೋಪಿ ತೆಗೆಯಬೇಡಿ. ಮೈಕ್ ಹತ್ತಿರ ಬಂದ ಮೇಲೆ ವಿಂಡೋಸ್‌ನ ಇನ್‌ಪುಟ್ ವಾಲ್ಯೂಮ್ ಇಳಿಸಲೇಬೇಕು: ಜೋರಾಗಿ ಮಾತಾಡಿದಾಗ ಅಲೆಯ ತುದಿ ರೆಕಾರ್ಡಿಂಗ್ ಮೀಟರಿನಲ್ಲಿ (ಅಲ್ಲಿ 0 ಎಂದರೆ ಗರಿಷ್ಠ) ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಬೇಕು. ತುದಿ ಕತ್ತರಿಸಿಹೋದ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಜೋಡಿಸಲಾರದು. ಝೂಮ್‌ನಲ್ಲಿ ಮೈಕ್ ವಾಲ್ಯೂಮ್ ತಾನೇ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ. ನೀವು ಮಾತು ನಿಲ್ಲಿಸಿದಾಗ ಅದು ‘ದನಿ ಸಣ್ಣದಾಯಿತು’ ಎಂದುಕೊಂಡು ವಾಲ್ಯೂಮ್ ಏರಿಸುತ್ತಾ ಹೋಗುತ್ತದೆ, ಮಳೆ ಎದ್ದು ಬರುತ್ತದೆ.

ಇನ್ನು ಮಾತು ತುಂಡಾಗುವ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ್ದು ಇದೇ, ಯಾಕೆಂದರೆ ಇಲ್ಲಿ ಅರ್ಥವೇ ಬದಲಾಗುವ ಅಪಾಯವಿದೆ. ಮೈಕ್‌ನಿಂದ ಬಂದ ಸದ್ದನ್ನು 10, 20 ಅಥವಾ 30 ಮಿಲಿಸೆಕೆಂಡಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ‘ಇದು ಮಾತೇ, ಅಲ್ಲವೇ’ ಎಂದು ತೀರ್ಪು ಕೊಡುವ ಒಂದು ಭಾಗ ಬಹುತೇಕ ಕರೆಗಳ ದಾರಿಯಲ್ಲಿ ಇರುತ್ತದೆ. ಇದಕ್ಕೆ ವಾಯ್ಸ್ ಆ್ಯಕ್ಟಿವಿಟಿ ಡಿಟೆಕ್ಷನ್ ಎಂದು ಹೆಸರು, ಇಂಗ್ಲಿಷಿನ ಮೊದಲಕ್ಷರ ಸೇರಿಸಿ ವಿಎಡಿ ಎನ್ನುತ್ತಾರೆ. 1960ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ಟೆಲಿಫೋನ್ ಕೇಬಲ್‌ನಲ್ಲಿ ಟಾಸಿ ಎಂಬ ವ್ಯವಸ್ಥೆ ಜೋಡಿಸಿದಾಗಿನಿಂದ ಈ ತೀರ್ಪಿನ ಕೆಲಸ ನಡೆದಿದೆ. ಒಬ್ಬರು ಸುಮ್ಮನಿರುವ ಹೊತ್ತಲ್ಲಿ ಅವರ ದಾರಿಯನ್ನು ಇನ್ನೊಬ್ಬರಿಗೆ ಕೊಟ್ಟು, ಅಷ್ಟೇ ಕೇಬಲ್‌ನಲ್ಲಿ ಸುಮಾರು ದುಪ್ಪಟ್ಟು ಕರೆಗಳನ್ನು ಅದು ಸಾಗಿಸಿತು. ಮಾತು ಶುರುವಾಯಿತು ಎಂದು ಯಂತ್ರಕ್ಕೆ ತಿಳಿಯುವಷ್ಟರಲ್ಲಿ ಪದದ ತುದಿ ಹೋಗಿರುತ್ತದೆ ಎಂಬ ದೂರು ಆಗಲೂ ಇತ್ತು. ಮೊಬೈಲ್ ಕರೆಗಳಲ್ಲೂ ಇದೇ ತೀರ್ಪಿನ ಮೇಲೆ ಮೌನದ ಹೊತ್ತು ರೇಡಿಯೊ ಆಫ್ ಆಗಿ ಬ್ಯಾಟರಿ ಉಳಿಯುತ್ತದೆ. ಪೂರ್ತಿ ನಿಶ್ಶಬ್ದವಾದರೆ ಆ ಕಡೆಯವರು ‘ಹಲೋ, ಲೈನಲ್ಲಿ ಇದ್ದೀರಾ?’ ಎಂದು ಕೇಳುವುದರಿಂದ, ಫೋನ್ ತಾನೇ ಒಂದಿಷ್ಟು ಮೆಲುಸದ್ದು ಹುಟ್ಟಿಸಿ ಕೇಳಿಸುತ್ತದೆ.

ಈ ತೀರ್ಪುಗಾರ ನೋಡುವುದು ಮುಖ್ಯವಾಗಿ ಮೂರು ಸಂಗತಿ: ತುಂಡಿನ ಶಕ್ತಿ ಹಿನ್ನೆಲೆಗಿಂತ ಎಷ್ಟು ಮೇಲಿದೆ, ಅದರಲ್ಲಿ ಗಂಟಲು ಒಂದೇ ತಾಳದಲ್ಲಿ ಕಂಪಿಸಿದ ಗುರುತು ಇದೆಯೇ, ಶಕ್ತಿ ಯಾವ ಯಾವ ಆವರ್ತನಗಳಲ್ಲಿ ಹಂಚಿಕೆಯಾಗಿದೆ. ‘ಆ’, ‘ಓ’ ಮುಂತಾದ ಸ್ವರಗಳಲ್ಲಿ ಶಕ್ತಿಯೂ ಇದೆ, ಕಂಪನವೂ ಇದೆ. ‘ಸ’, ‘ಶ’, ‘ಷ’ ಇವುಗಳಲ್ಲಿ ಗಂಟಲು ಕಂಪಿಸುವುದಿಲ್ಲ, ಬರೀ ಉಸಿರಿನ ಸದ್ದು. ‘ಸ’ದ ಶಕ್ತಿಯ ಬಹುಪಾಲು 4000 ಹರ್ಟ್ಜ್‌ಗಿಂತ ಮೇಲೆ. ಮಳೆಯೂ ಅಲ್ಲೇ ಇದೆ, ಮಳೆಗೂ ಅಂಥ ತಾಳದ ಕಂಪನ ಇಲ್ಲ. ತೀರ್ಪುಗಾರನ ಕಣ್ಣಿಗೆ ‘ಸ’ವೂ ಮಳೆಯೂ ಒಂದೇ ಜಾತಿ. ಹಾಗಾಗಿ ‘ಸರಿ’ ಎಂದದ್ದು ‘ಅರಿ’ ಆಗಿ ಹೋಗುತ್ತದೆ, ‘ಕೊಡಿ’ ಎಂದದ್ದು ‘ಒಡಿ’ ಆಗುತ್ತದೆ.

ವಾಕ್ಯದ ಕೊನೆಯ ಕತೆ ಇನ್ನೂ ಗಂಭೀರ. ಕನ್ನಡದಲ್ಲಿ ನಿರಾಕರಣೆ ಬರುವುದು ವಾಕ್ಯದ ತುದಿಯಲ್ಲಿ, ದನಿ ಇಳಿಯುವ ಜಾಗದಲ್ಲಿ. ‘ಬಿಲ್ ಕಳಿಸಿಲ್ಲ’ ಎಂದಾಗ ‘ಕಳಿಸಿ’ವರೆಗೆ ದನಿ ಗಟ್ಟಿ, ‘ಲ್ಲ’ ಇಳಿದುಹೋಗುತ್ತದೆ. ತೀರ್ಪುಗಾರ ಅಲ್ಲಿ ಬಾಗಿಲು ಹಾಕಿದರೆ ಆ ಕಡೆ ಕೇಳುವುದು ‘ಬಿಲ್ ಕಳಿಸಿ’. ಇದನ್ನು ತಡೆಯಲೆಂದೇ, ಮಾತು ಮುಗಿಯಿತು ಅನ್ನಿಸಿದ ಮೇಲೂ ಸುಮಾರು 200 ಮಿಲಿಸೆಕೆಂಡ್ ಬಾಗಿಲು ತೆರೆದಿಡುವ ಹ್ಯಾಂಗೋವರ್ ಎಂಬ ವ್ಯವಸ್ಥೆ ಇರುತ್ತದೆ. ಶಬ್ದ ನಿಗ್ರಹವನ್ನು (ನಾಯ್ಸ್ ಸಪ್ರೆಶನ್) ಕಟ್ಟುನಿಟ್ಟಾದ ಹಂತಕ್ಕೆ ಏರಿಸಿದರೆ ಈ ಉಳಿಕೆ ಸಮಯ ಕಿರಿದಾಗುವ ಸಾಧ್ಯತೆ ಹೆಚ್ಚು. ಬ್ರೌಸರ್ ಕರೆಗಳಿಗೆಂದು ಮಾಡಿದ ವೆಬ್‌ಆರ್‌ಟಿಸಿಯ ವಿಎಡಿಗೆ 0ರಿಂದ 3ರವರೆಗೆ ಹಂತಗಳಿವೆ. 3ರಲ್ಲಿ ಗದ್ದಲ ನುಸುಳುವುದು ಕಡಿಮೆ, ಮಾತು ಕತ್ತರಿಸುವುದು ಹೆಚ್ಚು. ಎರಡನ್ನೂ ಒಟ್ಟಿಗೆ ಗೆಲ್ಲುವ ಹಂತ ಯಾವ ತಯಾರಕರ ಬಳಿಯೂ ಇಲ್ಲ. ಆದ್ದರಿಂದ ಮಳೆ ಜೋರಿದ್ದ ದಿನ ಹೌದು, ಇಲ್ಲಗಳನ್ನು ವಾಕ್ಯದ ಮೊದಲಿಗೆ ತಂದು ಹೇಳಿ: ‘ಇಲ್ಲ ಸರ್, ಬಿಲ್ ಇನ್ನೂ ಹೋಗಿಲ್ಲ.’ ಮೊತ್ತ, ಆರ್ಡರ್ ನಂಬರುಗಳನ್ನು ಚಾಟ್‌ನಲ್ಲಿ ಟೈಪ್ ಮಾಡಿ.

‘ನೀರೊಳಗಿಂದ’ ಕೇಳುವುದಕ್ಕೆ ಕಾರಣ ಬೇರೆ. 1979ರಲ್ಲಿ ಸ್ಟೀವನ್ ಬೋಲ್ ಪ್ರಕಟಿಸಿದ ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ವಿಧಾನದಲ್ಲಿ, ನೀವು ಸುಮ್ಮನಿದ್ದಾಗಿನ ಸದ್ದನ್ನು ಅಳೆದು, ಮಾತಾಡುವಾಗ ಪ್ರತಿ ಆವರ್ತನದಿಂದ ಅಷ್ಟನ್ನು ಕಳೆಯುತ್ತಾರೆ. ಮಳೆ ಹನಿಹನಿಯಾಗಿ ಏರಿಳಿಯುವುದರಿಂದ ಕಳೆದ ಮೇಲೂ ಅಲ್ಲೊಂದು ಇಲ್ಲೊಂದು ಚೂರು ಉಳಿಯುತ್ತದೆ. ಆ ಚೂರುಗಳು ಕ್ಷಣಕ್ಷಣವೂ ಜಾಗ ಬದಲಿಸುತ್ತಾ ಗುಳುಗುಳು ಸದ್ದಾಗಿ ಕೇಳುತ್ತವೆ. ಈಗಿನವು ಬಹುತೇಕ ಉದಾಹರಣೆಗಳಿಂದ ಕಲಿತ ನ್ಯೂರಲ್ ನೆಟ್‌ವರ್ಕ್ ಬಳಸುತ್ತವೆ. 2017ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಂದ ಆರ್‌ಎನ್‌ನಾಯ್ಸ್ ಇದರಲ್ಲಿ ಹೆಸರುವಾಸಿ: ಸದ್ದನ್ನು 22 ಪಟ್ಟಿಗಳಾಗಿ ಮಾಡಿ, ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಯಾವ ಪಟ್ಟಿಯನ್ನು ಎಷ್ಟು ತಗ್ಗಿಸಬೇಕು ಎಂದು ಹೇಳುತ್ತದೆ. ಇವು ಮಳೆಗೆ ಎಷ್ಟೋ ವಾಸಿ. ಆದರೆ ನಿಮ್ಮಲ್ಲಿ ಇಂಥವು ಒಂದರ ಮೇಲೊಂದು ಕೂತಿರುವ ಸಂಭವ ಹೆಚ್ಚು: ಇಯರ್‌ಬಡ್ ಒಳಗೊಂದು, ಲ್ಯಾಪ್‌ಟಾಪ್‌ನ ಆಡಿಯೊ ಎನ್‌ಹಾನ್ಸ್‌ಮೆಂಟ್ ಎಂದೊಂದು, ಝೂಮ್ ಅಥವಾ ಟೀಮ್ಸ್‌ನದ್ದು ಮತ್ತೊಂದು. ಎರಡನೆಯದಕ್ಕೆ ತಲುಪುವುದು ಮೊದಲನೆಯದು ಕತ್ತರಿಸಿ ಕೊಟ್ಟ ಸದ್ದು. ಮಾತಿಲ್ಲದಾಗ ಅದಕ್ಕೆ ಪೂರ್ತಿ ನಿಶ್ಶಬ್ದ ಸಿಗುತ್ತದೆ, ಹಿನ್ನೆಲೆಯಲ್ಲಿ ಗದ್ದಲವೇ ಇಲ್ಲ ಎಂದು ಅದು ತಪ್ಪಾಗಿ ಕಲಿಯುತ್ತದೆ. ಮಾತಿನ ಜತೆ ಮಳೆ ನುಗ್ಗಿದಾಗ ಎಲ್ಲವನ್ನೂ ಮಾತೆಂದು ಬಿಡುತ್ತದೆ, ಇಲ್ಲವೇ ಎಲ್ಲವನ್ನೂ ಕಡಿಯುತ್ತದೆ.

ಒಂದನ್ನು ಮಾತ್ರ ಉಳಿಸಿ. ಬೂಮ್ ಹೆಡ್‌ಸೆಟ್ ತಗೊಂಡ ಮೇಲೆ ವಿಂಡೋಸ್‌ನಲ್ಲಿ ಆ ಮೈಕ್‌ನ ಆಡಿಯೊ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿ, ಹೆಡ್‌ಸೆಟ್‌ಗೆ ತನ್ನದೇ ಆ್ಯಪ್ ಇದ್ದರೆ ಅದರಲ್ಲಿನ ಶಬ್ದ ನಿಗ್ರಹವನ್ನೂ ಆಫ್ ಮಾಡಿ, ಝೂಮ್‌ನದ್ದನ್ನು ಮೀಡಿಯಮ್‌ನಲ್ಲಿಡಿ. ಕಕ್ಕಡ ತಿಂಗಳ ಜಡಿಮಳೆ ಸುರಿಯುವಾಗ ಮಾತ್ರ ಹೈಗೆ ಏರಿಸಿ.

ಬದಲಾವಣೆ ಮಾಡಿದ ಮೇಲೆ ‘ಈಗ ಕೇಳುತ್ತಿದೆಯಾ?’ ಎಂದು ಸಹೋದ್ಯೋಗಿಗಳನ್ನು ಕೇಳುತ್ತಾ ಕೂರಬೇಡಿ, ಅಳೆಯಿರಿ. ಉಚಿತವಾಗಿ ಸಿಗುವ ಆಡಾಸಿಟಿ ಹಾಕಿಕೊಳ್ಳಿ. ಮಳೆ ಬರುತ್ತಿರುವಾಗ 5 ಸೆಕೆಂಡ್ ಸುಮ್ಮನಿದ್ದು ರೆಕಾರ್ಡ್ ಮಾಡಿ, ನಂತರ 10 ಸೆಕೆಂಡ್ ಪತ್ರಿಕೆಯ ಯಾವುದಾದರೂ ಸುದ್ದಿಯನ್ನು ಎಡೆಬಿಡದೆ ಓದಿ. ಅನಲೈಜ್ ಮೆನುವಿನಲ್ಲಿ ಕಾಂಟ್ರಾಸ್ಟ್ ಎಂಬುದಿದೆ. ಓದಿದ ಭಾಗವನ್ನು ಆರಿಸಿ ಫೋರ್‌ಗ್ರೌಂಡ್ ಎಂದು, ಸುಮ್ಮನಿದ್ದ ಭಾಗವನ್ನು ಬ್ಯಾಕ್‌ಗ್ರೌಂಡ್ ಎಂದು ಅಳೆದರೆ ಎರಡರ ನಡುವಿನ ಡೆಸಿಬಲ್ ಅಂತರ ತೋರಿಸುತ್ತದೆ. 20 ದಾಟಿದರೆ ನಿಶ್ಚಿಂತೆ. 15ರಿಂದ 20 ನಡೆಯುತ್ತದೆ. 10ಕ್ಕಿಂತ ಕೆಳಗಿದ್ದರೆ ಸೆಟ್ಟಿಂಗ್ ತಿರುಗಿಸಿ ಪ್ರಯೋಜನವಿಲ್ಲ, ಮೈಕ್ ಹತ್ತಿರ ತನ್ನಿ ಅಥವಾ ಕೋಣೆ ಬದಲಿಸಿ. ಅಳೆಯುವಾಗ ಎಲ್ಲ ಶಬ್ದ ನಿಗ್ರಹವೂ ಆಫ್ ಇರಬೇಕು. ಇಲ್ಲದಿದ್ದರೆ ಸುಮ್ಮನಿದ್ದ ಭಾಗವನ್ನು ಅದು ಮೊದಲೇ ಒರೆಸಿ, 40 ಎಂದು ಸುಳ್ಳು ಲೆಕ್ಕ ಬರುತ್ತದೆ.

ಇದೇ ರೆಕಾರ್ಡಿಂಗ್ ಇನ್ನೊಂದು ಅನುಮಾನವನ್ನೂ ಬಗೆಹರಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಕೂಡ ಕೈಕೊಡುವುದರಿಂದ ಮಾತು ತುಂಡಾದದ್ದಕ್ಕೆಲ್ಲ ಹೆಡ್‌ಸೆಟ್ ಹೊಣೆಯಲ್ಲ. ವಿಎಡಿ ಕಡಿದರೆ ಪೆಟ್ಟು ಬೀಳುವುದು ಪದದ ಶುರುವಿಗೆ, ವಾಕ್ಯದ ಕೊನೆಗೆ. ನೆಟ್‌ವರ್ಕ್‌ನಲ್ಲಿ ಮಾತನ್ನು ಹೊತ್ತೊಯ್ಯುವ ಚಿಕ್ಕ ಕಟ್ಟು, ಅಂದರೆ ಪ್ಯಾಕೆಟ್, ಕಳೆದುಹೋದರೆ ಪದದ ನಟ್ಟನಡುವೆಯೂ ತೂತು ಬೀಳುತ್ತದೆ, ಸ್ವರ ಎಳೆದು ರೋಬೋ ಥರ ಕೇಳುತ್ತದೆ. ಕರೆ ನಡೆಯುವಾಗಲೇ ನಿಮ್ಮಲ್ಲಿ ರೆಕಾರ್ಡ್ ಆದದ್ದು ಸ್ವಚ್ಛವಾಗಿದ್ದು, ಆ ಕಡೆಯವರ ರೆಕಾರ್ಡಿಂಗ್‌ನಲ್ಲಿ ನಡುಪದ ತೂತಾಗಿದ್ದರೆ ತಪ್ಪು ಲೈನಿನದ್ದು.

ಬ್ಲೂಟೂತ್ ಬಗ್ಗೆ ಚಿಕ್ಕದಾಗಿ. ಹಾಡು ಕೇಳುವಾಗ ಇಯರ್‌ಬಡ್ ಒಳ್ಳೆಯ ದಾರಿಯಲ್ಲಿರುತ್ತದೆ, ಮೈಕ್ ಆನ್ ಆದ ಕೂಡಲೇ ಕರೆಯ ದಾರಿಗೆ ಇಳಿಯುತ್ತದೆ. ಸದ್ದನ್ನು ಅಂಕಿಗಳಾಗಿಸಿ ಅಡಕ ಮಾಡುವ ವಿಧಾನ (ಕೋಡೆಕ್) ಹಳೆಯ ಸಿವಿಎಸ್‌ಡಿ ಆದರೆ ಸೆಕೆಂಡಿಗೆ 8000 ಮಾದರಿ (ಸದ್ದನ್ನು ಅಷ್ಟು ಸಲ ಅಳೆಯುತ್ತದೆ), ಅಂದರೆ 4000 ಹರ್ಟ್ಜ್‌ನ ಮೇಲಿನದೆಲ್ಲ ಹೋಯಿತು, ‘ಸ’ದ ಬಹುಪಾಲೂ ಹೋಯಿತು. ಎಂಎಸ್‌ಬಿಸಿ ಆದರೆ 16000 ಮಾದರಿ, ಪರವಾಗಿಲ್ಲ. ಯುಎಸ್‌ಬಿ ವೈರಿಗೆ ಈ ತಲೆನೋವಿಲ್ಲ. ವೈರ್ ಇದ್ದೂ ಸಣ್ಣಗೆ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಮೂಳೆ ಕಂಪನ ಸೆನ್ಸರ್ ಬರೀ ಮಾರಾಟದ ಮಾತಲ್ಲ. ಪೆಟ್ಟಿಗೆ ಮೇಲಿನ ಪದಗಳಲ್ಲಿ ನಾನು ಗೌರವ ಕೊಡುವುದು ಇದಕ್ಕೆ. ಮಾತಾಡುವಾಗ ದವಡೆ, ತಲೆಬುರುಡೆ ಕಂಪಿಸುತ್ತವೆ. ಕಿವಿಯಲ್ಲಿ ಕೂತ ಸಣ್ಣ ಆ್ಯಕ್ಸಿಲರೋಮೀಟರ್ ಅದನ್ನು ಹಿಡಿಯುತ್ತದೆ. ಗಾಳಿಯಲ್ಲಿ ಬರುವ ಮಳೆ ಸದ್ದು ಅದನ್ನು ಅಲುಗಿಸುವುದು ಅತ್ಯಲ್ಪ, ಹಾಗಾಗಿ ‘ಈಗ ಇವರು ಮಾತಾಡುತ್ತಿದ್ದಾರೆ’ ಎಂಬ ತೀರ್ಪಿಗೆ ಅದು ಭರವಸೆಯ ಸಾಕ್ಷಿ. ಆದರೆ ಅದು ಹಿಡಿಯುವುದು ಕೆಳ ಆವರ್ತನವನ್ನು. ‘ಸ’, ‘ಶ’ ಅದಕ್ಕೆ ಕೇಳುವುದಿಲ್ಲ, ಅವುಗಳಿಗೆ ಮತ್ತೆ ಮಾಮೂಲಿ ಮೈಕ್ ಬೇಕು. ಬಿರಡೆ ಸಡಿಲವಾಗಿ ಇಯರ್‌ಬಡ್ ಚರ್ಮಕ್ಕೆ ತಾಗದಿದ್ದರೂ ಕೆಲಸ ಮಾಡದು. ತೋಟದಲ್ಲಿ ಓಡಾಡಿಕೊಂಡೇ ಕರೆ ತೆಗೆದುಕೊಳ್ಳಬೇಕು ಅನ್ನುವವರಿಗೆ ಇದು ಇರುವ ಇಯರ್‌ಬಡ್ ಒಳ್ಳೆಯದು. ಮೇಜಿನ ಮುಂದೆ ಕೂರುವ ನಿಮಗೆ ಬೂಮ್ ಮೈಕೇ ಸರಿ.

ಕೋಣೆಯನ್ನೂ ಮರೆಯಬೇಡಿ. ಹೆಂಚಿನ ಮಾಡು, ಮರದ ಅಟ್ಟ ಇರುವ ಕೋಣೆ ಮನೆಯಲ್ಲಿದ್ದರೆ ಮೇಜನ್ನು ಅಲ್ಲಿಗೆ ಸಾಗಿಸುವುದೇ ಅಗ್ಗದ ಪರಿಹಾರ. ಶೀಟಿನಡಿಯೇ ಕೂರಬೇಕಾದರೆ ಥರ್ಮೊಕೋಲ್ ಅಂಟಿಸಿ ದುಡ್ಡು ಕಳೆಯಬೇಡಿ, ಅದು ಶಾಖ ತಡೆಯುತ್ತದೆ, ಸದ್ದು ಹೀರುವುದಿಲ್ಲ. ಜಿಪ್ಸಮ್ ಬೋರ್ಡ್ ಸೀಲಿಂಗ್ ಹಾಕಿಸಿ ಅದರ ಮೇಲೆ 50 ಮಿಲಿಮೀಟರ್ ರಾಕ್‌ವೂಲ್ ಹಾಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಶೀಟು ಸೋರಿದರೆ ಎಲ್ಲವೂ ಹಾಳು, ಸೋರಿಕೆ ಮೊದಲು ಮುಚ್ಚಿಸಿ. ಕಾಫಿ ನರ್ಸರಿಗೆ ಕಟ್ಟುವ ಶೇಡ್ ನೆಟ್ ಅನ್ನು ಶೀಟಿನಿಂದ ಒಂದಡಿ ಮೇಲೆ ಬಿಗಿಯಾಗಿ ಕಟ್ಟಿದರೂ ದಪ್ಪ ಹನಿಗಳು ಒಡೆದು ಬೀಳುತ್ತವೆ, ಹೊಡೆತ ತಗ್ಗುತ್ತದೆ. ಗಾಳಿಗೆ ಹಾರದಂತೆ ನೋಡಿಕೊಳ್ಳಬೇಕು. ನಿಮ್ಮ ಹಿಂದಿನ ಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟರೆ ಕೋಣೆಯ ಪ್ರತಿಧ್ವನಿ ಕಡಿಮೆಯಾಗಿ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ನಮ್ಮ ಮಳೆಗಾಲದ ತೇವ ಮೈಕ್‌ಗೆ ಶತ್ರು. ಸ್ಪಂಜಿನ ಟೋಪಿ ಒದ್ದೆಯಾದರೆ ದನಿ ಮಂಕಾಗುತ್ತದೆ. ಎರಡು ಟೋಪಿ ಇಟ್ಟುಕೊಂಡು ಬದಲಿಸಿ. ರಾತ್ರಿ ಹೆಡ್‌ಸೆಟ್ ಅನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬ್ಯಾಟರಿ ಇರುವ ಇಯರ್‌ಬಡ್ ಅನ್ನು ಒಣಗಲೆಂದು ಒಲೆಯ ಹತ್ತಿರ ಇಡಬೇಡಿ. ಇಯರ್‌ಬಡ್‌ನ ಎರಡು ಮೈಕ್ ತೂತುಗಳಲ್ಲಿ ಒಂದು ಕೊಳೆಯಿಂದ ಮುಚ್ಚಿದರೂ ಬೀಮ್‌ಫಾರ್ಮಿಂಗ್ ಲೆಕ್ಕ ತಲೆಕೆಳಗಾಗಿ ನಿಮ್ಮ ದನಿಯನ್ನೇ ತಗ್ಗಿಸಬಹುದು. ಒಣ ಮೆತ್ತನೆ ಬ್ರಷ್‌ನಿಂದ ಒರೆಸಿ, ಪಿನ್ ಹಾಕಬೇಡಿ.

ಇನ್ನು ತಂಗಿಯ ಪ್ರಾಜೆಕ್ಟ್. ಕಾಲೇಜಿನಲ್ಲಿ ನಡೆದು ಮನೆಯಲ್ಲಿ ಸೋಲುತ್ತಿದೆ ಎಂದರೆ, ಅವರು ಬರೀ ಶಕ್ತಿಯ ಮಿತಿ ಇಟ್ಟು, ಅದನ್ನು ಸ್ಥಿರ ಅಂಕಿಯಾಗಿ ಬರೆದಿದ್ದಾರೆ ಎಂದು ನನ್ನ ಅಂದಾಜು. ಮಿತಿ ಹಿನ್ನೆಲೆಯ ಜತೆ ಏರಿಳಿಯಬೇಕು. ಈ ಅಂಕಿಗಳಿಂದ ಶುರು ಮಾಡಲಿ: ಸೆಕೆಂಡಿಗೆ 16000 ಮಾದರಿ, 20 ಮಿಲಿಸೆಕೆಂಡಿನ ಅಂದರೆ 320 ಮಾದರಿಗಳ ತುಂಡು, 10 ಮಿಲಿಸೆಕೆಂಡಿಗೊಮ್ಮೆ ಹೊಸ ತುಂಡು. ಮೊದಲು 100 ಹರ್ಟ್ಜ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್, ಅಲ್ಲಿಗೆ ಜನರೇಟರ್ ಗುಡುಗು ಬಹುಪಾಲು ಹೋಯಿತು. ಕಳೆದ ಒಂದೂವರೆ ಸೆಕೆಂಡಿನಲ್ಲಿ ಕಂಡ ಕನಿಷ್ಠ ಶಕ್ತಿಯನ್ನು ಹಿನ್ನೆಲೆ ಎಂದು ಹಿಡಿದು, ಅದಕ್ಕಿಂತ 6 ಡೆಸಿಬಲ್ ಮೇಲೆ ಮಿತಿ ಇಡಲಿ. ಕನಿಷ್ಠವನ್ನು ಹುಡುಕುವ ಮೊದಲು ಶಕ್ತಿಯನ್ನು ಕೆಲವು ತುಂಡುಗಳ ಮೇಲೆ ಸರಾಸರಿ ಮಾಡಬೇಕು, ಇಲ್ಲದಿದ್ದರೆ ಮಿತಿ ತೀರಾ ಕೆಳಗೆ ಬೀಳುತ್ತದೆ.

ಶಕ್ತಿ ದಾಟಿದ ಮಾತ್ರಕ್ಕೆ ಮಾತು ಎನ್ನಬಾರದು, ಗಂಟಲಿನ ಕಂಪನವನ್ನೂ ಹುಡುಕಬೇಕು. ಇದಕ್ಕೆ ಆಟೋಕೋರಿಲೇಶನ್, ಅಂದರೆ ಸದ್ದನ್ನು ಅದರದ್ದೇ ಸ್ವಲ್ಪ ಹಿಂದಿನ ಭಾಗದ ಜತೆ ಹೋಲಿಸುವ ಲೆಕ್ಕ. 80ರಿಂದ 400 ಹರ್ಟ್ಜ್ ಹುಡುಕಲು 40ರಿಂದ 200 ಮಾದರಿಗಳಷ್ಟು ಹಿಂದೆ ಹೋಗಿ ಹೋಲಿಸಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: 320 ಮಾದರಿಗಳ ತುಂಡಿನಲ್ಲಿ 200 ಹಿಂದೆ ಹೋದರೆ ಹೋಲಿಸಲು ಉಳಿಯುವುದು 120, ತಗ್ಗಿನ ಗಂಡು ದನಿಗಳು ತಪ್ಪಿಹೋಗುತ್ತವೆ. ಕಂಪನದ ಪರೀಕ್ಷೆಗೆ ಮಾತ್ರ 40 ಮಿಲಿಸೆಕೆಂಡಿನ, 640 ಮಾದರಿಗಳ ತುಂಡು ಬಳಸಲಿ. 0ರಿಂದ 1ರ ಅಳತೆಗೆ ತಂದ ಹೋಲಿಕೆ 0.4 ದಾಟಿದರೆ ಸ್ವರ ಇದೆ ಎನ್ನಬಹುದು. ಮಳೆ ಅಷ್ಟಕ್ಕೆ ಏರುವುದು ಅಪರೂಪ. ಮೂರು ತುಂಡುಗಳಲ್ಲಿ ಎರಡು ಹೌದೆಂದರೆ ಬಾಗಿಲು ತೆರೆಯಲಿ, 250 ಮಿಲಿಸೆಕೆಂಡ್ ಸತತ ಇಲ್ಲ ಎಂದ ಮೇಲೆ ಮುಚ್ಚಲಿ. ರೆಕಾರ್ಡ್ ಮಾಡುವ ಸಾಧನವಾದರೆ ಹಿಂದಿನ 300 ಮಿಲಿಸೆಕೆಂಡನ್ನು ಸದಾ ಬಫರಿನಲ್ಲಿಟ್ಟು, ಬಾಗಿಲು ತೆರೆದಾಗ ಅದನ್ನೂ ಸೇರಿಸಲಿ. ಆಗ ‘ಸರಿ’ಯ ‘ಸ’ ಉಳಿಯುತ್ತದೆ. ಕರೆಯಲ್ಲಿ ಇಷ್ಟು ಕಾಯಲಾಗದು, ಒಂದು ಕಡೆಯ ವಿಳಂಬ ಒಟ್ಟು 150 ಮಿಲಿಸೆಕೆಂಡ್ ಒಳಗಿರಬೇಕು ಎಂಬುದು ಟೆಲಿಫೋನಿನವರ ಒಪ್ಪಿತ ಮಿತಿ.

ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಐಎನ್‌ಎಂಪಿ441 ಎಂಬ ಡಿಜಿಟಲ್ ಮೈಕ್ ಜೋಡಿಸಿದ್ದರೆ ಇನ್ನೆರಡು ಪರೀಕ್ಷೆ ಮಾಡಲಿ. ಅದರ 24 ಬಿಟ್ ಮಾಹಿತಿ 32 ಬಿಟ್ ಜಾಗದ ಮೇಲ್ಭಾಗದಲ್ಲಿ ಬರುತ್ತದೆ. ಸರಿಯಾಗಿ ಸರಿಸಿ ಓದದೆ ನೇರ 16 ಬಿಟ್ ಎಂದು ಓದಿದರೆ ಸಿಗುವುದು ಕಸ. ಎಲ್/ಆರ್ ಪಿನ್ ಅನ್ನು ಗ್ರೌಂಡ್‌ಗೆ ಕೊಟ್ಟರೆ ಮೈಕ್ ಎಡ ಚಾನೆಲ್‌ನಲ್ಲಿ ಮಾತಾಡುತ್ತದೆ. ಪ್ರೋಗ್ರಾಂ ಬಲ ಚಾನೆಲ್ ಓದುತ್ತಿದ್ದರೆ ಬರೀ ಸೊನ್ನೆ ಬರುತ್ತದೆ.

ಕಪ್ಪೆ ಮಾತ್ರ ಈ ವಿಧಾನಕ್ಕೆ ಬಗ್ಗುವುದಿಲ್ಲ. ಮಾತಿನಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಸಲ ಶಕ್ತಿ ಏರಿ ಇಳಿಯುತ್ತದೆ, ಅದು ಅಕ್ಷರಗಳ ಓಟ. ಒಂದೇ ಸಮ ಸುರಿಯುವ ಮಳೆಯಲ್ಲಿ ಆ ಏರಿಳಿತ ಇಲ್ಲ, ವಟಗುಟ್ಟುವ ಕಪ್ಪೆಯಲ್ಲೂ ಬೊಗಳುವ ನಾಯಿಯಲ್ಲೂ ಇದೆ, ಕಂಪನವೂ ಇದೆ. ಇಲ್ಲಿ ಉದಾಹರಣೆ ಕೊಟ್ಟು ಕಲಿಸಿದ ಎಐ ಮಾಡೆಲ್ಲೇ ಬೇಕು. ಮುಕ್ತವಾಗಿ ಸಿಗುವ ಸಿಲೆರೊ ವಿಎಡಿಯನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಮೊದಲು ಹೋಲಿಕೆಗೆ ಇಟ್ಟುಕೊಳ್ಳಲಿ, ಅದು 512 ಮಾದರಿಗಳ ತುಂಡು ಕೇಳುತ್ತದೆ. ತನ್ನದೇ ಚಿಕ್ಕ ಮಾಡೆಲ್ ಮಾಡುವುದಾದರೆ ಮನೆಯ ಮಳೆ, ಕಪ್ಪೆ, ಜೀರುಂಡೆ, ನಾಯಿಗಳನ್ನು ಬೇರೆ ಬೇರೆ ದಿನ ರೆಕಾರ್ಡ್ ಮಾಡಿ, ಶುದ್ಧ ಮಾತಿನ ಜತೆ 20, 10, 5, 0 ಡೆಸಿಬಲ್ ಅಂತರದಲ್ಲಿ ಬೆರೆಸಬೇಕು. ಮನೆಯಲ್ಲಿ ಕನ್ನಡದ ಜತೆ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರಿದ್ದರೆ ಅವರ ದನಿಗಳೂ ಇರಲಿ, ಗಂಡು ಹೆಣ್ಣು ಮಕ್ಕಳು ಮುದುಕರು ಎಲ್ಲರದ್ದೂ ಇರಲಿ. ಕಲಿಸಲು ಬಳಸಿದ ದಿನದ ರೆಕಾರ್ಡಿಂಗನ್ನು ಪರೀಕ್ಷೆಗೆ ಬಳಸಕೂಡದು. ಬಳಸಿದರೆ ಕಾಗದದ ಮೇಲೆ ಅಂಕ ಚೆನ್ನಾಗಿ ಬರುತ್ತದೆ, ಮುಂದಿನ ಮಳೆಗೆ ಮತ್ತೆ ಸೋಲುತ್ತದೆ. ಫಲಿತಾಂಶವನ್ನು ಒಂದೇ ಶೇಕಡಾವಾರಿನಲ್ಲಿ ಬರೆಯದೆ, ಮಾತನ್ನು ಬಿಟ್ಟದ್ದು ಎಷ್ಟು, ಕಪ್ಪೆಯನ್ನು ಮಾತೆಂದದ್ದು ಎಷ್ಟು ಎಂದು ಪ್ರತಿ ಡೆಸಿಬಲ್ ಹಂತಕ್ಕೂ ಎರಡು ಅಂಕಿ ಬೇರೆಯಾಗಿ ಕೊಡಲಿ.